ಬೇಟನ್ 7 ಬಂದ ಮಾತ್ರಕ್ಕೆ ಇಡಿಎಸ್ ಎನ್ನಬಹುದೇ? ಸಡಿಲ ಕೀಲುಗಳ ತಪಾಸಣೆ, ವಿಂಗಡಣೆ

ಗೋನಿಯೋ_ಗೆಳೆಯ

ಫಿಸಿಯೋಥೆರಪಿಗೆ ಕಳಿಸುವ ಚೀಟಿಗಳಲ್ಲಿ ಈಚೆಗೆ ಒಂದೇ ಸಾಲು ಜಾಸ್ತಿ: “ಬೇಟನ್ 7/9, ಹೈಪರ್‌ಮೊಬೈಲ್ ಇಡಿಎಸ್.” ಅಂದರೆ ಕೀಲಿನ ಸಡಿಲ ಅಳೆಯುವ ಬೇಟನ್ ಪಟ್ಟಿಯಲ್ಲಿ ಒಂಬತ್ತಕ್ಕೆ ಏಳು, ಹಾಗಾಗಿ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮಿನ (ಇಡಿಎಸ್, ಮೈಯ ಜೋಡಣೆ ಅಂಗಾಂಶ ದುರ್ಬಲವಾಗಿರುವ ವಂಶವಾಹಿ ಕಾಯಿಲೆ) ಸಡಿಲ ಕೀಲಿನ ಬಗೆ. ಅಷ್ಟೇ. ಚರ್ಮ ಹೇಗಿದೆ, ಹಳೆ ಗಾಯದ ಕಲೆ ಹೇಗಿದೆ, ಎಕೋ (ಹೃದಯದ ಸ್ಕ್ಯಾನ್) ಆಗಿದೆಯೇ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದೆಯೇ, ಒಂದೂ ಇರುವುದಿಲ್ಲ. ಅದಕ್ಕೆ ತದ್ವಿರುದ್ಧವಾಗಿ, ಭುಜ ನಾಲ್ಕು ಸಲ ತಪ್ಪಿದವರ ಚೀಟಿಯಲ್ಲಿ “ಬೇಟನ್ 3, ಕೀಲು ಸರಿಯಿದೆ” ಅಂತ ಇರುತ್ತದೆ. ಎರಡೂ ಅರೆಬರೆ ಅನ್ನುವುದು ಗೊತ್ತು. ಹಾಗಿದ್ದರೆ ಪೂರ್ತಿ ಅಂದರೆ ಏನು?

ಮೂರು ವಿಷಯ ಬೇಕು. ಅಂಕ ಸರಿಯಾಗಿ ಅಳೆಯುವುದು ಹೇಗೆ, ಅಂಕ ಬಂದ ಮೇಲೆ ಎಚ್‌ಇಡಿಎಸ್ (ಅದೇ ಹೈಪರ್‌ಮೊಬೈಲ್ ಇಡಿಎಸ್) ಮತ್ತು ಎಚ್‌ಎಸ್‌ಡಿ (ಹೈಪರ್‌ಮೊಬಿಲಿಟಿ ಸ್ಪೆಕ್ಟ್ರಮ್ ಡಿಸಾರ್ಡರ್, ಇಡಿಎಸ್ ಮಾನದಂಡ ದಾಟದ ಸಡಿಲ ಕೀಲಿನ ತೊಂದರೆ) ಬೇರೆ ಮಾಡುವುದು ಹೇಗೆ, ಜೀನ್ ಪರೀಕ್ಷೆಗೆ ಯಾರನ್ನು ಕಳಿಸಬೇಕು.

ಮಂಡಿಚಿಪ್ಪು

ಅಳತೆಯ ಮಾತು ಮೊದಲು ಮುಗಿಸೋಣ, ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ. ಕಾರ್ಟರ್ ಮತ್ತು ವಿಲ್ಕಿನ್ಸನ್ 1964ರಲ್ಲಿ ಮಾಡಿದ್ದ ಪಟ್ಟಿಯನ್ನು ತಿದ್ದಿ, 1973ರಲ್ಲಿ ಬೇಟನ್ ಮತ್ತು ಸಂಗಡಿಗರು ಆಫ್ರಿಕಾದ ಒಂದು ಸಮುದಾಯದ ಸಮೀಕ್ಷೆಗೆ ಬಳಸಿದರು. ನೂರಾರು ಜನರನ್ನು ಬೇಗ ಬೇಗ ನೋಡಿ ಮುಗಿಸಲು ಹುಟ್ಟಿದ ಸಾಧನ ಇದು. ಎದುರಿಗೆ ಕೂತ ಒಬ್ಬರ ಕಾಯಿಲೆಗೆ ಹೆಸರಿಡಲು ಮಾಡಿದ್ದಲ್ಲ.

ಒಂಬತ್ತು ಅಂಕ: ಎರಡು ಕಿರುಬೆರಳು, ಎರಡು ಹೆಬ್ಬೆರಳು, ಎರಡು ಮೊಣಕೈ, ಎರಡು ಮಂಡಿ, ಕೊನೆಗೆ ಬೆನ್ನು ಬಾಗಿಸಿ ಅಂಗೈ ನೆಲಕ್ಕೆ ಊರುವುದಕ್ಕೆ ಒಂದು.

ಕಿರುಬೆರಳು: ಮೊಣಕೈ 90 ಡಿಗ್ರಿ ಬಾಗಿರಲಿ, ಮುಂಗೈ ಮತ್ತು ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಕೂರಲಿ. ಕಿರುಬೆರಳನ್ನು ಹಿಂದಕ್ಕೆ ಎತ್ತಿ. ಲೆಕ್ಕಕ್ಕೆ ಬರುವುದು ಬೆರಳ ಬುಡದ ಗೆಣ್ಣಿನ ಕೋನ ಮಾತ್ರ, ಅದು 90 ಡಿಗ್ರಿ ದಾಟಬೇಕು. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲೇ. ಬೆರಳ ತುದಿ ಎಲ್ಲಿಗೆ ಹೋಯಿತು ಅಂತ ನೋಡುತ್ತಾರೆ. ನಡುಗೆಣ್ಣು ಬಿಲ್ಲಿನಂತೆ ಬಾಗಿ ತುದಿ ಹಿಂದೆ ಹೋಗಿರುತ್ತದೆ, ಬುಡದ ಗೆಣ್ಣು ಮಾತ್ರ 75ರಲ್ಲೇ ನಿಂತಿರುತ್ತದೆ. ಮಣಿಕಟ್ಟು ಮೇಜಿನಿಂದ ಎದ್ದರೂ ಅಂಕ ಸುಳ್ಳು.

ಹೆಬ್ಬೆರಳು: ತೋಳು ಮುಂದಕ್ಕೆ ಚಾಚಿ, ಮೊಣಕೈ ನೇರ, ಅಂಗೈ ಕೆಳಮುಖ. ಮಣಿಕಟ್ಟು ಬಗ್ಗಿಸಿ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಒತ್ತಿ ಮುಂಗೈಗೆ ತಾಗಿಸಬೇಕು. ತಾಗಿದರೆ ಒಂದು, ಕೂದಲೆಳೆಯಷ್ಟು ಅಂತರ ಉಳಿದರೂ ಸೊನ್ನೆ.

ಮೊಣಕೈ: ಅಂಗೈ ಮೇಲ್ಮುಖ ಮಾಡಿ ತೋಳು ನೇರ ಬಿಡಿಸಿ. ಗೋನಿಯೋಮೀಟರಿನ (ಕೋನ ಅಳೆಯುವ ಸಾಧನ) ನಡುಬಿಂದು ಮೊಣಕೈಯ ಹೊರಗಂಟಿನ ಮೇಲೆ, ಒಂದು ತೋಳು ಭುಜದ ತುದಿಯ ಕಡೆಗೆ, ಇನ್ನೊಂದು ಮಣಿಕಟ್ಟಿನ ಹೆಬ್ಬೆರಳ ಬದಿಯ ಮೂಳೆಗೆ. 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಬೇಕು. ಮೊಣಕೈ ಹೊರಗೆ ವಾಲಿಕೊಂಡಿರುವ ಕೋನವನ್ನು ಹಿಂಬಾಗು ಅಂದುಕೊಳ್ಳುವುದು ಸಾಮಾನ್ಯ ಎಡವಟ್ಟು. ಪಕ್ಕದಿಂದ ನೋಡಿ, ಎದುರಿನಿಂದಲ್ಲ.

ಮಂಡಿ: ಅಂಗಾತ ಮಲಗಿಸಿ, ಹಿಮ್ಮಡಿ ಕೆಳಗೆ ಮಡಿಸಿದ ಟವೆಲ್ ಇಡಿ, ಮಂಡಿಗೆ ಹಿಂದಕ್ಕೆ ಇಳಿಯಲು ಜಾಗ ಬೇಕು. ನಡುಬಿಂದು ಮಂಡಿಯ ಹೊರಗಂಟಿನ ಮೇಲೆ, ತೋಳುಗಳು ತೊಡೆಮೂಳೆಯ ಮೇಲ್ಗಂಟಿಗೆ ಮತ್ತು ಕಾಲಿನ ಹೊರಗಿಣ್ಣಿಗೆ. ಇಲ್ಲೂ 10 ಡಿಗ್ರಿ ದಾಟಬೇಕು. ನಿಂತವರನ್ನು ಕಣ್ಣಳತೆಯಲ್ಲಿ ನೋಡಿದರೆ ಮೀನಖಂಡದ ದಪ್ಪ ಮೋಸ ಮಾಡುತ್ತದೆ.

ಕೊನೆಯದು, ಮಂಡಿ ಬಗ್ಗಿಸದೆ ಎರಡೂ ಅಂಗೈ ಪೂರ್ತಿ ನೆಲಕ್ಕೆ. ಬೆರಳ ತುದಿ ತಾಗಿದರೆ ಸಾಲದು. ನೃತ್ಯ, ಜಿಮ್ನಾಸ್ಟಿಕ್ಸ್ ಕಲಿತವರಿಗೆ ಅಭ್ಯಾಸಬಲದಿಂದಲೇ ಇದು ಬರುತ್ತದೆ. ತೊಡೆಯ ಹಿಂಭಾಗ ಬಿಗಿದವರಿಗೆ ಕೀಲು ಎಷ್ಟೇ ಸಡಿಲವಿದ್ದರೂ ಬರುವುದಿಲ್ಲ.

ಚೀಟಿಯಲ್ಲಿ ಬರೀ “7/9” ಬರೆಯಬೇಡಿ. ಯಾವ ಏಳು ಅಂತ ಬರೆಯಿರಿ. ಬೆರಳುಗಳಲ್ಲೇ ನಾಲ್ಕು ಬಂದದ್ದಕ್ಕೂ ಮೊಣಕೈ, ಮಂಡಿಗಳಲ್ಲಿ ನಾಲ್ಕು ಬಂದದ್ದಕ್ಕೂ ಅಜಗಜಾಂತರ.

ಗೋನಿಯೋ_ಗೆಳೆಯ

ಭುಜ ತಪ್ಪಿದವರ ವಿಷಯ? ಒಂಬತ್ತರಲ್ಲಿ ಭುಜವೇ ಇಲ್ಲವಲ್ಲ.

ಮಂಡಿಚಿಪ್ಪು

ಭುಜ ಇಲ್ಲ, ಸೊಂಟದ ಕೀಲು ಇಲ್ಲ, ಪಾದದ ಗಿಣ್ಣು ಇಲ್ಲ, ದವಡೆ ಇಲ್ಲ. ಅದಕ್ಕೇ “ಬೇಟನ್ 3, ಸರಿಯಿದೆ” ಅನ್ನುವುದು ತಪ್ಪು. ಅಂಕಕ್ಕೆ ಸೇರದಿದ್ದರೂ ಇವನ್ನು ಬೇರೆಯಾಗಿ ಅಳೆದು ಬರೆಯಿರಿ. ತೋಳನ್ನು ಪಕ್ಕೆಗೆ ಒತ್ತಿ, ಮೊಣಕೈ 90ಕ್ಕೆ ಬಗ್ಗಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿದಾಗ 85 ಡಿಗ್ರಿ ದಾಟಿದರೆ ಭುಜ ಸಡಿಲ. ಒಂದೇ ಕೀಲಿನಲ್ಲಿದ್ದರೆ ಅದು ಸ್ಥಳೀಯ ಸಡಿಲ, ಅದಕ್ಕೂ ವಿಂಗಡಣೆಯಲ್ಲಿ ಜಾಗ ಇದೆ.

ಮೂಳೆಮಾತು

ಸಂಧಿವಾತ ವಿಭಾಗದ ಕಡೆಯಿಂದ ಎರಡನೇ ಪ್ರಶ್ನೆಗೆ ಉತ್ತರ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1997ರ ವಿಲ್‌ಫ್ರಾಂಶ್ ವಿಂಗಡಣೆಯಲ್ಲಿ ಎಹ್ಲರ್ಸ್-ಡಾನ್ಲೋಸ್‌ಗೆ ಆರು ಬಗೆ. 1998ರ ಬ್ರೈಟನ್ ಮಾನದಂಡ ಇದರ ಪಕ್ಕದಲ್ಲೇ ‘ಜಾಯಿಂಟ್ ಹೈಪರ್‌ಮೊಬಿಲಿಟಿ ಸಿಂಡ್ರೋಮ್’ ಅನ್ನುವ ಇನ್ನೊಂದು ಹೆಸರು ತಂದಿತು. ಒಬ್ಬರೇ ರೋಗಿಗೆ ಒಂದು ಕಡೆ ಒಂದು ಹೆಸರು, ಇನ್ನೊಂದು ಕಡೆ ಇನ್ನೊಂದು. 2017ರಲ್ಲಿ ಅಂತರರಾಷ್ಟ್ರೀಯ ತಂಡ ಎಲ್ಲವನ್ನೂ ಮತ್ತೆ ಬರೆದು ಇಡಿಎಸ್ ಅನ್ನು 13 ಬಗೆ ಮಾಡಿತು. ಅದರಲ್ಲಿ ಜೀನ್ ಗೊತ್ತಿಲ್ಲದ ಬಗೆ ಒಂದೇ, ಅದೇ ಹೈಪರ್‌ಮೊಬೈಲ್. ಆದ್ದರಿಂದ ಅದನ್ನು ಕೈಯಿಂದ, ಕಣ್ಣಿಂದ, ಪ್ರಶ್ನೆಯಿಂದಲೇ ನಿರ್ಧರಿಸಬೇಕು. ಮೂರು ಬಾಗಿಲು, ಮೂರನ್ನೂ ದಾಟಬೇಕು.

ಮೊದಲನೆಯದು, ಮೈಯೆಲ್ಲ ಕೀಲು ಸಡಿಲ ಇದೆ ಅನ್ನುವುದು. ಹರೆಯಕ್ಕೆ ಮುಂಚಿನವರಿಗೆ ಬೇಟನ್ 6 ಬೇಕು, ಹರೆಯದಿಂದ 50 ವರ್ಷದವರೆಗೆ 5, 50 ದಾಟಿದವರಿಗೆ 4. ಒಂದೇ ಅಂಕ ಕಡಿಮೆ ಬಿದ್ದರೆ ಐದು ಪ್ರಶ್ನೆ ಕೇಳಿ: ಈಗ ಅಥವಾ ಹಿಂದೆ ಯಾವಾಗಲಾದರೂ ಮಂಡಿ ಬಗ್ಗಿಸದೆ ಅಂಗೈ ನೆಲಕ್ಕೆ ಊರಲು ಬರುತ್ತಿತ್ತೇ? ಹೆಬ್ಬೆರಳು ಮುಂಗೈಗೆ ತಾಗುತ್ತಿತ್ತೇ? ಚಿಕ್ಕವರಿದ್ದಾಗ ಮೈ ತಿರುಚಿ ಗೆಳೆಯರನ್ನು ನಗಿಸುತ್ತಿದ್ದಿರೇ, ಕಾಲು ಎರಡೂ ಕಡೆ ಚಾಚಿ ನೆಲಕ್ಕೆ ಕೂರುತ್ತಿದ್ದಿರೇ? ಬಾಲ್ಯದಲ್ಲಿ ಅಥವಾ ಹರೆಯದಲ್ಲಿ ಭುಜ ಇಲ್ಲವೇ ಮಂಡಿಚಿಪ್ಪು ಒಂದಕ್ಕಿಂತ ಹೆಚ್ಚು ಸಲ ತಪ್ಪಿತ್ತೇ? ನಿಮ್ಮ ಕೀಲು ಬೇರೆಯವರಿಗಿಂತ ಸಡಿಲ ಅಂತ ನಿಮಗೇ ಅನಿಸುತ್ತದೆಯೇ? ಎರಡಕ್ಕೆ ‘ಹೌದು’ ಬಂದರೆ ಆ ಒಂದು ಅಂಕದ ಕೊರತೆ ತುಂಬಿದಂತೆ.

ಎರಡನೆಯದು ನಿಜವಾದ ಕೆಲಸ. ಇಲ್ಲಿ ಅ, ಆ, ಇ ಅಂತ ಮೂರು ಭಾಗ, ಕನಿಷ್ಠ ಎರಡು ಸಿಗಬೇಕು.

‘ಅ’ ಭಾಗದಲ್ಲಿ ಹನ್ನೆರಡು ಗುರುತು, ಐದು ಬೇಕು. ಮಖಮಲ್ಲಿನಂತೆ ಮೆತ್ತನೆ ಚರ್ಮ. ಸ್ವಲ್ಪ ಹೆಚ್ಚು ಎಳೆಯಬರುವ ಚರ್ಮ. ತೂಕ ಏರಿಳಿಯದೆ ಬಂದ ಬಿರುಕುಗೆರೆ. ನಿಂತಾಗ ಎರಡೂ ಹಿಮ್ಮಡಿಯ ಅಂಚಿನಲ್ಲಿ ಉಬ್ಬುವ ಕೊಬ್ಬಿನ ಗುಳ್ಳೆ. ಮರುಕಳಿಸುವ ಅಥವಾ ಹಲವು ಹೊಟ್ಟೆಯ ಹರ್ನಿಯಾ. ಕನಿಷ್ಠ ಎರಡು ಕಡೆ ತೆಳುವಾಗಿ ತಗ್ಗಿದ ಗಾಯದ ಕಲೆ. ಮಕ್ಕಳಲ್ಲಿ, ಗಂಡಸರಲ್ಲಿ ಅಥವಾ ಹೆರಿಗೆಯಾಗದ ಹೆಂಗಸರಲ್ಲಿ ಗರ್ಭಕೋಶ, ಗುದ ಜಾರುವುದು. ಒತ್ತಾದ ಹಲ್ಲಿನ ಜೊತೆಗೆ ಎತ್ತರದ ಅಥವಾ ಕಿರಿದಾದ ಅಂಗುಳ. ಜೇಡನ ಕಾಲಿನಂಥ ಉದ್ದ ಬೆರಳು. ಚಾಚಿದ ತೋಳಿನ ಅಗಲವನ್ನು ಎತ್ತರದಿಂದ ಭಾಗಿಸಿದರೆ 1.05 ಅಥವಾ ಹೆಚ್ಚು. ಎಕೋದಲ್ಲಿ ಮೈಟ್ರಲ್ ಕವಾಟ ಜಾರಿರುವುದು. ಮಹಾಪಧಮನಿಯ ಬುಡ ಹಿಗ್ಗಿ ಝಡ್ ಅಂಕ (ಮೈಗಾತ್ರಕ್ಕೆ ತಕ್ಕ ಸರಾಸರಿಯಿಂದ ಎಷ್ಟು ದೂರ ಅನ್ನುವ ಅಳತೆ) 2ನ್ನು ದಾಟಿರುವುದು. ಕೊನೆಯ ಎರಡು ಎಕೋ ಇಲ್ಲದೆ ಹೇಳಲಾಗುವುದಿಲ್ಲ. ಹಿಮ್ಮಡಿಯನ್ನು ಮಲಗಿಸಿ ನೋಡಿದರೆ ಗುಳ್ಳೆ ಕಾಣುವುದೇ ಇಲ್ಲ. ಭಾರ ಬಿದ್ದಾಗ ಉಬ್ಬಿ, ಕಾಲೆತ್ತಿದರೆ ಮಾಯವಾಗುವಂಥದ್ದು ಅದು.

‘ಆ’ ಭಾಗ, ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಒಬ್ಬರಾದರೂ ಇದೇ ಮಾನದಂಡವನ್ನು ಸ್ವತಂತ್ರವಾಗಿ ದಾಟಿರಬೇಕು. “ನಮ್ಮಮ್ಮನ ಬೆರಳೂ ಹಿಂಗೇ” ಅನ್ನುವ ಮಾತು ಸಾಲದು.

‘ಇ’ ಭಾಗ, ಕನಿಷ್ಠ ಒಂದು: ಎರಡು ಅಥವಾ ಹೆಚ್ಚು ಕೈಕಾಲುಗಳಲ್ಲಿ ಮೂರು ತಿಂಗಳು ದಿನಾ ಮರುಕಳಿಸುವ ನೋವು, ಮೂರು ತಿಂಗಳು ಮೀರಿದ ಮೈತುಂಬಾ ನೋವು, ಪೆಟ್ಟಿಲ್ಲದೆ ಒಂದೇ ಕೀಲು ಮೂರು ಸಲ ಅಥವಾ ಎರಡು ಬೇರೆ ಕೀಲುಗಳು ಬೇರೆ ಬೇರೆ ಹೊತ್ತಲ್ಲಿ ತಪ್ಪಿರುವುದು, ಇಲ್ಲವೇ ಎರಡು ಕಡೆ ಕೀಲು ನಿಲ್ಲುವುದಿಲ್ಲ ಅಂತ ವೈದ್ಯರು ಪರೀಕ್ಷಿಸಿ ಖಚಿತಪಡಿಸಿರುವುದು.

ಮೂರನೆಯ ಬಾಗಿಲು, ಬೇರೆ ಯಾವುದೂ ಅಲ್ಲ ಅನ್ನುವುದು. ಚರ್ಮ ಹರಿಯುವಷ್ಟು ನಾಜೂಕಾಗಿರಬಾರದು. ಬೇರೆ ಇಡಿಎಸ್, ಮಾರ್ಫಾನ್, ಲೋಯ್ಸ್-ಡೀಟ್ಜ್ (ಎರಡೂ ಮಹಾಪಧಮನಿ ಹಿಗ್ಗಿಸುವ ವಂಶವಾಹಿ ಕಾಯಿಲೆಗಳು), ಮೂಳೆ ಪೆಡಸಿನ ಕಾಯಿಲೆ, ಸ್ನಾಯು ಕಾಯಿಲೆ ಇವೆಲ್ಲ ಪಕ್ಕಕ್ಕೆ ಸರಿಯಬೇಕು. ಲೂಪಸ್, ರುಮಟಾಯ್ಡ್ ಥರದ್ದು ಈಗಾಗಲೇ ಇದ್ದರೆ ‘ಇ’ ಭಾಗ ಲೆಕ್ಕಕ್ಕಿಲ್ಲ. ಆಗ ‘ಅ’ ಮತ್ತು ‘ಆ’ ಎರಡೂ ಇರಬೇಕು. ಬೆಳಗ್ಗೆ ಅರ್ಧ ಗಂಟೆ ಮೀರಿ ಬಿಗಿತ, ಗೆಣ್ಣಿನಲ್ಲಿ ಮೆತ್ತನೆ ಊತ, ಏರಿದ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಕಂಡರೆ ಸಡಿಲ ಕೀಲಿನ ತಲೆಮೇಲೆ ಹಾಕಬೇಡಿ.

ಮೂರೂ ದಾಟದೆ, ಆದರೆ ಸಡಿಲ ಕೀಲೂ ಅದರಿಂದ ತೊಂದರೆಯೂ ಇದ್ದು ಬೇರೆ ಕಾರಣ ಸಿಗದಿದ್ದರೆ ಎಚ್‌ಎಸ್‌ಡಿ. ಅದರಲ್ಲಿ ನಾಲ್ಕು: ಮೈಯೆಲ್ಲ, ಕೈ ಪಾದಗಳಲ್ಲಿ ಮಾತ್ರ, ಒಂದೆರಡು ಕೀಲಲ್ಲಿ ಮಾತ್ರ, ಮತ್ತು ಹಿಂದೆ ಇತ್ತು ಈಗ ಬೇಟನ್‌ಗೆ ಸಿಗುತ್ತಿಲ್ಲ ಅನ್ನುವ ಚಾರಿತ್ರಿಕ ಬಗೆ. ಸಡಿಲ ಇದ್ದು ತೊಂದರೆಯೇ ಇಲ್ಲದಿದ್ದರೆ ಅದು ಕಾಯಿಲೆ ಅಲ್ಲ, ಮೈಕಟ್ಟು.

ಹಳೇಬೆರಳು

ಉದ್ದ ಬೆರಳಿಗೆ ಹೆಬ್ಬೆರಳ ಗುರುತು ಒಂದು ಕೈಯಲ್ಲಿ ಬಂದರೆ ಅಂಕ ಕೊಡಬಹುದಲ್ಲ?

ಮೂಳೆಮಾತು

ಎಚ್‌ಇಡಿಎಸ್ ಪಟ್ಟಿಯಲ್ಲಿ ಕೊಡಬಾರದು. ಮಣಿಕಟ್ಟಿನ ಗುರುತು ಅಥವಾ ಹೆಬ್ಬೆರಳ ಗುರುತು, ಯಾವುದಾದರೂ ಒಂದು ಸಾಕು, ಆದರೆ ಎರಡೂ ಕೈಯಲ್ಲಿ ಬರಬೇಕು. ಮಣಿಕಟ್ಟು ಸುತ್ತಿ ಹಿಡಿದಾಗ ಹೆಬ್ಬೆರಳು ಕಿರುಬೆರಳಿನ ಉಗುರನ್ನು ಪೂರ್ತಿ ಮುಚ್ಚಬೇಕು. ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿದಾಗ ಅದರ ತುದಿಗೆಣ್ಣು ಇಡೀ ಮುಷ್ಟಿಯಾಚೆ ಹೊರಬರಬೇಕು, ಉಗುರ ತುದಿ ಇಣುಕಿದರೆ ಅಲ್ಲ. ಮಾರ್ಫಾನ್ ಲೆಕ್ಕದಲ್ಲಿ ನಿಯಮ ಬೇರೆ, ಅಲ್ಲಿ ಎರಡು ಗುರುತೂ ಸೇರಿದರೆ 3 ಅಂಕ, ಒಂದೇ ಇದ್ದರೆ 1.

ಎಳೆನೂಲು

ಕೀಲಿಗೆ ಇಷ್ಟು ಗಮನ ಕೊಟ್ಟ ಮೇಲೆ ಚರ್ಮದ ಕಡೆ ತಿರುಗಿ. ವಂಶವಾಹಿ ವಿಭಾಗದಲ್ಲಿ ಕೂತು ನೋಡಿದರೆ, ಬಗೆಯಿಂದ ಬಗೆಯನ್ನು ಬೇರೆ ಮಾಡಿಕೊಡುವುದು ಹೆಚ್ಚಾಗಿ ಕೀಲಲ್ಲ, ಚರ್ಮ ಮತ್ತು ರಕ್ತನಾಳ.

ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ, ತಡೆ ಸಿಗುವವರೆಗೆ ಎತ್ತಿ ಅಳೆಯಿರಿ. ಮುಂಗೈಯ ಕೆಳಭಾಗ, ಕೈಯ ಹಿಂಬದಿಯಲ್ಲಿ 1.5 ಸೆಂ.ಮೀ. ದಾಟಿದರೆ, ಕುತ್ತಿಗೆ, ಮೊಣಕೈ, ಮಂಡಿಯಲ್ಲಿ 3 ಸೆಂ.ಮೀ. ದಾಟಿದರೆ ಹೆಚ್ಚು. ಬಿಟ್ಟ ಕೂಡಲೇ ಮೊದಲಿನ ಜಾಗಕ್ಕೆ ವಾಪಸ್ ಬರಬೇಕು. ಮೊಣಕೈ ಮೇಲೆ ಮಡಿಕೆಯಾಗಿ ಜೋತಿರುವ ಚರ್ಮ, ವಯಸ್ಸಾದವರ ಸಡಿಲ ಚರ್ಮ ಎಳೆದರೂ ಅದು ಹಿಗ್ಗುವಿಕೆ ಅಲ್ಲ, ಹೆಚ್ಚುವರಿ ಬಟ್ಟೆ ಅಷ್ಟೆ.

ಆಮೇಲೆ ಕಲೆಗಳು. ಮೊಣಕಾಲು, ಮುಂಗಾಲಿನ ಮೂಳೆ, ಹಣೆ, ಗಲ್ಲ, ಮೊಣಕೈ, ಬಾಲ್ಯದಲ್ಲಿ ಬಿದ್ದು ತರಚಿಕೊಳ್ಳುವ ಜಾಗಗಳನ್ನೇ ನೋಡಿ. ಗಾಯಕ್ಕಿಂತ ಅಗಲವಾಗಿ, ಸಿಗರೇಟ್ ಕಾಗದದಂತೆ ತೆಳ್ಳಗೆ ಸುಕ್ಕಾಗಿ, ಕಂದು ಬಣ್ಣ ಕಟ್ಟಿದ ಕಲೆಗಳಿದ್ದರೆ ಅದು ಎಚ್‌ಇಡಿಎಸ್ ಅಲ್ಲ, ಕ್ಲಾಸಿಕಲ್ ಇಡಿಎಸ್ ಅಂತ ಯೋಚಿಸಿ. ಅಂಥವರಲ್ಲಿ 90 ಶೇಕಡಕ್ಕೂ ಹೆಚ್ಚು ಮಂದಿಗೆ ಸಿಒಎಲ್5ಎ1 ಅಥವಾ ಸಿಒಎಲ್5ಎ2 ಜೀನಿನಲ್ಲಿ ದೋಷ ಸಿಗುತ್ತದೆ. ಮುಂದೆ ಹೊಲಿಗೆ ಹಾಕುವವರಿಗೂ ಇದು ಗೊತ್ತಿರಬೇಕು. ಎರಡು ಪದರದಲ್ಲಿ, ಎಳೆತ ಬೀಳದಂತೆ ಹಾಕಿ, ಮಾಮೂಲಿಗಿಂತ ಹೆಚ್ಚು ದಿನ ಬಿಡಬೇಕಾಗುತ್ತದೆ.

ಚರ್ಮ ಚೆನ್ನಾಗಿ ಎಳೆಯಬರುತ್ತದೆ, ಮೆತ್ತಗಿದೆ, ಸುಲಭವಾಗಿ ಕಂದುತ್ತದೆ, ಆದರೆ ಕಲೆಗಳು ಮಾಮೂಲಿಯಾಗೇ ಇವೆ, ತಂದೆತಾಯಿಗೆ ಇಲ್ಲ, ಹಾಗಿದ್ದರೆ ಕ್ಲಾಸಿಕಲ್-ಲೈಕ್. ಜೀನ್ ಟಿಎನ್‌ಎಕ್ಸ್‌ಬಿ. ಇದು ಪ್ರಯೋಗಾಲಯಕ್ಕೆ ತಲೆನೋವು: ಪಕ್ಕದಲ್ಲೇ ಟಿಎನ್‌ಎಕ್ಸ್‌ಎ ಎಂಬ ನಕಲಿ ಜೀನ್ ಕೂತಿದೆ, ಮಾಮೂಲಿ ಪ್ಯಾನೆಲ್‌ನಲ್ಲಿ (ಹಲವು ಜೀನ್ ಒಟ್ಟಿಗೆ ಓದುವ ಪರೀಕ್ಷೆ) ಎರಡರ ಓದು ಬೆರೆತುಹೋಗುತ್ತದೆ. ವರದಿಯಲ್ಲಿ “ಏನೂ ಸಿಗಲಿಲ್ಲ” ಅಂತ ಬಂದರೆ, ಆ ಭಾಗವನ್ನು ಪ್ರತ್ಯೇಕವಾಗಿ ಓದಿದ್ದಾರೆಯೇ ಅಂತ ಕೇಳಿ. 2018ರಲ್ಲಿ ಎಇಬಿಪಿ1 ಜೀನಿನ ಇನ್ನೊಂದು ಬಗೆಯೂ ವರದಿಯಾಯಿತು, ಹಾಗಾಗಿ ಈಗ ಒಟ್ಟು 14 ಬಗೆ ಅನ್ನುವವರೂ ಇದ್ದಾರೆ. 2018ಕ್ಕೆ ಮುಂಚಿನ ಪ್ಯಾನೆಲ್‌ಗಳಲ್ಲಿ ಅದು ಇರುವುದಿಲ್ಲ.

ಪ್ಯಾನೆಲ್ ಯಾರಿಗೆ? ಮೈಯಲ್ಲಿ ಸಡಿಲ ಕೀಲು, ನೋವು ಬಿಟ್ಟು ಬೇರೇನೂ ಇಲ್ಲದವರಿಗೆ ಬೇಡ ಅನ್ನುವುದು ನನ್ನ ನಿಲುವು. ಎಚ್‌ಇಡಿಎಸ್‌ಗೆ ಜೀನೇ ಗೊತ್ತಿಲ್ಲದಿರುವಾಗ ‘ನೆಗೆಟಿವ್’ ಬಂದರೆ ಅದು ಎಚ್‌ಇಡಿಎಸ್ ಇದೆ ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. ಕಲೆ, ಪಾರದರ್ಶಕ ಚರ್ಮ, ರಕ್ತನಾಳದ ಘಟನೆ, ಮಸೂರ ಜಾರುವುದು, ಹುಟ್ಟಿನಿಂದ ಬೆನ್ನು ಸೊಟ್ಟ, ಹುಟ್ಟಿನಿಂದ ಎರಡೂ ಸೊಂಟದ ಕೀಲು ತಪ್ಪಿರುವುದು, ನೀಲಿ ಕಣ್ಬಿಳಿ, ಕಿವುಡು, ಮರುಕಳಿಸುವ ಮೂಳೆ ಮುರಿತ, ಕುಟುಂಬದಲ್ಲಿ ಹಠಾತ್ ಸಾವು, ಇವುಗಳಲ್ಲಿ ಒಂದಿದ್ದರೂ ಕಳಿಸಿ.

ಹಳೇಬೆರಳು

ಬೇಡ ಅನ್ನುವುದು ಸ್ವಲ್ಪ ಕಟ್ಟುನಿಟ್ಟಾಯಿತು. ನೆಗೆಟಿವ್ ಬಂದರೆ ಕನಿಷ್ಠ ವ್ಯಾಸ್ಕುಲರ್ (ರಕ್ತನಾಳ ಒಡೆಯುವ) ಬಗೆ ಅಲ್ಲ ಅನ್ನುವ ಸಮಾಧಾನ ಸಿಗುತ್ತದಲ್ಲ.

ಎಳೆನೂಲು

ಸಮಾಧಾನ ಸಿಗುತ್ತದೆ, ಒಪ್ಪಿದೆ. ಆದರೆ ಪ್ಯಾನೆಲ್ ದೊಡ್ಡದಾದಷ್ಟೂ ‘ಅರ್ಥ ತಿಳಿಯದ ಬದಲಾವಣೆ’ ಸಿಗುವ ಸಾಧ್ಯತೆಯೂ ದೊಡ್ಡದು. ಐದು ದರ್ಜೆಗಳ ವಿಂಗಡಣೆಯಲ್ಲಿ ಅದು ಮೂರನೆಯದು, ದೋಷವೂ ಅಲ್ಲ, ನಿರ್ದೋಷವೂ ಅಲ್ಲ. ವ್ಯಾಸ್ಕುಲರ್ ಬಗೆಯ ಸಿಒಎಲ್3ಎ1 ಜೀನಿನಲ್ಲಿ ಇಂಥದ್ದೊಂದು ಬಂತೋ, ಆರೋಗ್ಯವಾಗಿದ್ದ ಮನುಷ್ಯ ಮಹಾಪಧಮನಿ ಯಾವಾಗ ಒಡೆಯುತ್ತದೋ ಅಂತ ಕಾಯುತ್ತಾ ಕೂರುತ್ತಾನೆ. ಮೂರನೇ ದರ್ಜೆಯ ಫಲಿತಾಂಶ ಇಟ್ಟುಕೊಂಡು ಚಿಕಿತ್ಸೆ ಬದಲಿಸುವಂತಿಲ್ಲ. ತಂದೆತಾಯಿಯ ಮಾದರಿ ತರಿಸಿ, ಕಾಯಿಲೆ ಇರುವವರಲ್ಲೇ ಆ ಬದಲಾವಣೆ ಇದೆಯೇ ಅಂತ ನೋಡಬೇಕು. ಅನುಮಾನಕ್ಕೆ ಗುರುತಿದ್ದರೆ ಮಾಡಿಸಿ, ಬರೀ ಸಮಾಧಾನಕ್ಕಾಗಿ ಬೇಡ.

ನಾಡಿಮಿಡಿತ

ವ್ಯಾಸ್ಕುಲರ್ ಅನ್ನುವ ಹೆಸರು ಬಂದದ್ದರಿಂದ ಒಂದು ಮಾತು. ಈ ಬಗೆಯಲ್ಲಿ ಬೇಟನ್ ಅಂಕ ಕಡಿಮೆಯೇ ಇರಬಹುದು. ಸಡಿಲ ಇರುವುದು ಬೆರಳಿನಂಥ ಸಣ್ಣ ಕೀಲುಗಳಲ್ಲಿ. ಚರ್ಮ ಎಳೆಯಬರುವುದಿಲ್ಲ, ಬದಲಿಗೆ ತೆಳ್ಳಗೆ, ಎದೆಯ ಮೇಲಿನ ನೀಲಿ ನಾಳಗಳು ನಕ್ಷೆಯಂತೆ ಕಾಣುತ್ತವೆ. ಬೇಟನ್ ಜರಡಿಯಲ್ಲಿ ಸೋರಿಹೋಗುವವರು ಇವರೇ, ಜೀವಕ್ಕೆ ಅಪಾಯ ಇರುವವರೂ ಇವರೇ.

ಕೇಳಬೇಕಾದದ್ದು: ಚಿಕ್ಕ ವಯಸ್ಸಿನಲ್ಲೇ ಅಪಧಮನಿ ಒಡೆದದ್ದು ಅಥವಾ ಸೀಳಿದ್ದು, ಕಾರಣವಿಲ್ಲದೆ ದೊಡ್ಡಕರುಳಿನ ಸಿಗ್ಮಾಯ್ಡ್ ಭಾಗ ತೂತಾದದ್ದು, ಗರ್ಭದ ಕೊನೆಯ ತಿಂಗಳುಗಳಲ್ಲಿ ಗರ್ಭಕೋಶ ಹರಿದದ್ದು, ತಾನಾಗಿ ಶ್ವಾಸಕೋಶ ಕುಸಿದದ್ದು, ಹುಟ್ಟುವಾಗ ಪಾದ ಒಳಗೆ ತಿರುಗಿದ್ದು, 30ಕ್ಕೆ ಮುಂಚೆ ಉಬ್ಬಿದ ನಾಳ, ಹಿಂದೆ ಸರಿದ ವಸಡು. ಇವು ರೋಗಿಯಲ್ಲೂ ಇರಬಹುದು, “ಅಪ್ಪ ನಲವತ್ತಕ್ಕೇ ಹೋದರು, ಹಾರ್ಟ್ ಅಟ್ಯಾಕ್ ಅಂದರು” ಅನ್ನುವ ಮಾತಿನ ಒಳಗೂ ಇರಬಹುದು. ಆದರೆ ಕುಟುಂಬದಲ್ಲಿ ಯಾರಿಗೂ ಇಲ್ಲ ಅಂತ ಬಿಡಬೇಡಿ, ಸುಮಾರು ಅರ್ಧದಷ್ಟು ಮಂದಿಗೆ ದೋಷ ಹೊಸದಾಗಿ ಹುಟ್ಟಿದ್ದು.

ಅನುಮಾನ ಇರುವವರಿಗೆ ಹಠಾತ್ ಎದೆ ಅಥವಾ ಹೊಟ್ಟೆ ನೋವು ಬಂದರೆ ಗ್ಯಾಸ್ ಅಂತ ಕಾಯಬಾರದು, ನೇರ ಸಿಟಿ ಆಂಜಿಯೋಗ್ರಾಂ. ನಾಳದೊಳಗೆ ಕೊಳವೆ ತೂರಿಸುವ ಆಂಜಿಯೋಗ್ರಫಿ, ಅನಿವಾರ್ಯವಲ್ಲದ ಕೊಲೊನೋಸ್ಕೋಪಿ ತಪ್ಪಿಸಿ. ಸಿಪ್ರೋಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್‌ಗಳ ಬಗ್ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕೊಟ್ಟ ಎಚ್ಚರಿಕೆಯಲ್ಲಿ ಮಾರ್ಫಾನ್ ಮತ್ತು ಇಡಿಎಸ್ ಹೆಸರು ನೇರವಾಗಿ ಇದೆ.

ಮಾರ್ಫಾನ್ ಬಗ್ಗೆ ಚಿಕ್ಕದಾಗಿ. 2010ರ ಘೆಂಟ್ ಮಾನದಂಡದಲ್ಲಿ ಮಹಾಪಧಮನಿ ಬುಡದ ಝಡ್ ಅಂಕ ಮತ್ತು ಮಸೂರ ಜಾರುವುದು ಮುಖ್ಯ ಸ್ತಂಭಗಳು. ಮೈಗುರುತುಗಳಿಗೆ 20 ಅಂಕ, 7 ಬಂದರೆ ಸಕಾರಾತ್ಮಕ. ಮೊಣಕೈ ಪೂರ್ತಿ ನೇರವಾಗದಿರುವುದಕ್ಕೆ ಅಲ್ಲಿ ಒಂದು ಅಂಕ ಇದೆ! ಹಾಗಾಗಿ ಉದ್ದನೆಯ ಮೈಕಟ್ಟಿನವರಲ್ಲಿ ಬೇಟನ್ ಕಡಿಮೆ ಬಂದರೆ ಮಾರ್ಫಾನ್ ಅಲ್ಲ ಅನ್ನುವಂತಿಲ್ಲ. ಕಣ್ಣನ್ನು ಪಾಪೆ ಹಿಗ್ಗಿಸಿ ಸ್ಲಿಟ್ ಲ್ಯಾಂಪ್‌ನಲ್ಲೇ ನೋಡಿಸಬೇಕು. ಮಸೂರ ಮೇಲಕ್ಕೆ ಜಾರಿದ್ದರೆ ಮಾರ್ಫಾನ್ ಕಡೆ, ಕೆಳಕ್ಕೆ ಜಾರಿದ್ದರೆ ರಕ್ತದ ಹೋಮೋಸಿಸ್ಟೀನ್ ನೋಡಿ, ಅದು ಏರಿದ್ದರೆ ಹೋಮೋಸಿಸ್ಟಿನ್ಯೂರಿಯಾ ಎಂಬ ಬೇರೆ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇರೆಯೇ. ಬಾಯಿ ತೆರೆಸಿ ಕಿರುನಾಲಿಗೆ ನೋಡಲು ಹತ್ತು ಸೆಕೆಂಡ್ ಸಾಕು: ಅದು ಎರಡಾಗಿ ಸೀಳಿದ್ದು ಕಣ್ಣುಗಳ ನಡುವೆ ಅಂತರ ಜಾಸ್ತಿ ಇದ್ದರೆ ಲೋಯ್ಸ್-ಡೀಟ್ಜ್. ಅದರಲ್ಲಿ ಮಹಾಪಧಮನಿ ಮಾರ್ಫಾನ್‌ಗಿಂತ ಕಡಿಮೆ ಅಗಲದಲ್ಲೇ ಸೀಳಬಹುದು.

ಪುಟ್ಟಪಾದ

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಐದು ವರ್ಷದೊಳಗೆ ಬೇಟನ್ ಬಳಸಲೇಬೇಡಿ, ಆ ವಯಸ್ಸಿಗೆ ಎಲ್ಲರೂ ರಬ್ಬರ್. ದೊಡ್ಡವರ ಪಟ್ಟಿಯ ಬಿರುಕುಗೆರೆ, ಹರ್ನಿಯಾ, ತಿಂಗಳುಗಟ್ಟಲೆ ನೋವು ಇವೆಲ್ಲ ಮಕ್ಕಳಿಗೆ ಹೊಂದುವುದಿಲ್ಲ. ಅದಕ್ಕೇ 2023ರಲ್ಲಿ ಮಕ್ಕಳಿಗೆ ಬೇರೆ ಚೌಕಟ್ಟು ಬಂತು. ಮೈಬೆಳವಣಿಗೆ ಮುಗಿಯುವವರೆಗೆ ಅಥವಾ 18 ತುಂಬುವವರೆಗೆ ಎಚ್‌ಇಡಿಎಸ್ ಅನ್ನುವ ಹೆಸರನ್ನು ಕೊಡದೆ ಮುಂದಕ್ಕೆ ಹಾಕುವುದು ಅದರ ತಿರುಳು.

ಮಗು ಸಡಿಲ ಅಂದಾಗ ನನ್ನ ಮೊದಲ ಪ್ರಶ್ನೆ: ಸಡಿಲ ಇರುವುದು ಕೀಲೋ, ಸ್ನಾಯುವೋ? ನೆಲದಿಂದ ಏಳಿಸಿ ನೋಡಿ. ತೊಡೆಗೆ ಕೈಯೂರಿ ಮೈ ಹತ್ತಿಕೊಂಡು ಎದ್ದರೆ ಸಿಕೆ (ಸ್ನಾಯು ಹಾನಿ ತೋರಿಸುವ) ರಕ್ತಪರೀಕ್ಷೆ ಮೊದಲು. ಬೆರಳುಗಳು ಹಿಂದಕ್ಕೆ ಬಾಗುತ್ತವೆ ಆದರೆ ಮೊಣಕೈ, ಮಂಡಿ ಬಿಗಿ ಅಂದರೆ ಆರನೇ ಕಾಲಜನ್‌ನ ಸ್ನಾಯು ಕಾಯಿಲೆ ನೆನಪಿರಲಿ. ಹುಟ್ಟಿನಿಂದ ಮೈ ಜೋಲು, ಬೆನ್ನು ಸೊಟ್ಟ ಇದ್ದರೆ ಮೂತ್ರದಲ್ಲಿ ಡಿಆಕ್ಸಿಪಿರಿಡಿನೋಲಿನ್ ಮತ್ತು ಪಿರಿಡಿನೋಲಿನ್ ಅನುಪಾತ ನೋಡಬಹುದು. ಬೆನ್ನು ಸೊಟ್ಟಗಾಗುವ ಇಡಿಎಸ್ ಬಗೆಗೆ ಎರಡು ಜೀನ್, ಪಿಎಲ್‌ಒಡಿ1 ದೋಷವಿದ್ದರೆ ಅದು ಏರಿರುತ್ತದೆ. ಎಫ್‌ಕೆಬಿಪಿ14 ದೋಷವಿದ್ದರೆ ಅನುಪಾತ ಸರಿಯಾಗೇ ಇರುತ್ತದೆ, ಆಗ ಕಿವಿ ಪರೀಕ್ಷೆ ಮತ್ತು ಜೀನ್ ಪರೀಕ್ಷೆಯೇ ದಾರಿ.

ಇನ್ನೊಂದು: ಸುಲಭವಾಗಿ ಕಂದುವ, ಚರ್ಮ ಹರಿಯುವ ಮಕ್ಕಳ ಮನೆಯವರ ಮೇಲೆ ಹೊಡೆತದ ಅನುಮಾನ ಬೀಳುತ್ತದೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳು, ಕಲೆಗಳ ಫೋಟೋ, ತಾರೀಕು ಎಲ್ಲ ಕಡತದಲ್ಲಿ ಇರಲಿ.

ಹಳೇಬೆರಳು

ನಿಂತರೆ ಎದೆ ಹೊಡೆದುಕೊಳ್ಳುವುದು, ಹೊಟ್ಟೆ ಕೆಡುವುದು, ಸುಸ್ತು, ಇವು ಪಟ್ಟಿಯಲ್ಲಿ ಯಾಕಿಲ್ಲ? ಸಡಿಲ ಕೀಲಿನವರಲ್ಲಿ ಬಹಳ ಮಂದಿ ಇವನ್ನೇ ಹೇಳುತ್ತಾರೆ.

ಮೂಳೆಮಾತು

ಹೇಳುತ್ತಾರೆ, ನಿಜ, ಚಿಕಿತ್ಸೆಯೂ ಬೇಕು. ಆದರೆ ಸಡಿಲ ಕೀಲು ಇಲ್ಲದವರಲ್ಲೂ ಅವು ಸಾಕಷ್ಟು ಕಾಣುವುದರಿಂದ ಬಗೆ ಗುರುತಿಸಲು ಉಪಯೋಗವಿಲ್ಲ ಅಂತ 2017ರ ತಂಡ ಹೊರಗಿಟ್ಟಿತು. ಪಾಟ್ಸ್ (ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಅನುಮಾನಕ್ಕೆ ಅದರದೇ ಪರೀಕ್ಷೆ ಮಾಡಿ: ಮಲಗಿಸಿ ವಿಶ್ರಾಂತಿ ಕೊಟ್ಟು ನಾಡಿ, ಬಿಪಿ, ಆಮೇಲೆ ನಿಲ್ಲಿಸಿ 10 ನಿಮಿಷ. ನಾಡಿ 30 ಏರಿ, 12ರಿಂದ 19 ವಯಸ್ಸಿನವರಲ್ಲಾದರೆ 40 ಏರಿ, ಬಿಪಿ 20/10ರಷ್ಟು ಬೀಳದೆ, ಲಕ್ಷಣಗಳು ಮೂರು ತಿಂಗಳಿಂದ ಇದ್ದರೆ ಪಾಟ್ಸ್. ರಕ್ತಹೀನತೆ, ಥೈರಾಯ್ಡ್ ಮೊದಲೇ ನೋಡಿರಬೇಕು. ಇದು ಸಿಕ್ಕಿತು ಅಂತ ಎಚ್‌ಇಡಿಎಸ್‌ಗೆ ಅಂಕ ಏರುವುದಿಲ್ಲ.

ಗೋನಿಯೋ_ಗೆಳೆಯ

ಇಷ್ಟನ್ನೂ ಇಟ್ಟುಕೊಂಡು ಒಂದು ಕಲ್ಪಿತ ಚೀಟಿ ಬರೆದಿದ್ದೇನೆ, ತಿದ್ದಿ:

“34 ವರ್ಷ, ಹೆಣ್ಣು. ಬೇಟನ್ 4/9: ಎರಡು ಕಿರುಬೆರಳು, ಎರಡು ಹೆಬ್ಬೆರಳು. ಐದು ಪ್ರಶ್ನೆಯಲ್ಲಿ 3 ಹೌದು. ಚರ್ಮ ಮಖಮಲ್. ತೂಕ ಬದಲಾಗದೆ ಬಂದ ಬಿರುಕುಗೆರೆ. ಎರಡೂ ಹಿಮ್ಮಡಿಯಲ್ಲಿ ಗುಳ್ಳೆ, ನಿಂತಾಗ. ಹಲ್ಲು ಒತ್ತು, ಅಂಗುಳ ಎತ್ತರ. ಎತ್ತರ 158, ತೋಳಗಲ 165 ಸೆಂ.ಮೀ., ಅನುಪಾತ 1.05. ಒಟ್ಟು 5/12. ಅಕ್ಕನ ಕೀಲೂ ಸಡಿಲ. ಎರಡೂ ಮಂಡಿ, ಎರಡೂ ಮಣಿಕಟ್ಟಿನಲ್ಲಿ 8 ತಿಂಗಳಿಂದ ದಿನಾ ನೋವು, ಊತವಿಲ್ಲ. ಕಲೆ ಮಾಮೂಲಿ, ಕಿರುನಾಲಿಗೆ ಸರಿ, ಕುಟುಂಬದಲ್ಲಿ ಹಠಾತ್ ಸಾವಿಲ್ಲ. ಎಚ್‌ಇಡಿಎಸ್.”

ಮೂಳೆಮಾತು

ಚೆನ್ನಾಗಿದೆ, ಆದರೆ ಕೊನೆಯ ಪದ ತಪ್ಪು. 165ನ್ನು 158ರಿಂದ ಭಾಗಿಸಿದರೆ 1.044. ಅದನ್ನು 1.05 ಮಾಡಿ ದುಂಡಗೆ ತಿದ್ದುವಂತಿಲ್ಲ. ಹಾಗಾಗಿ 4/12, ‘ಅ’ ಭಾಗ ಸಿಗಲಿಲ್ಲ. ತೋಳಗಲವನ್ನು ಗೋಡೆಗೆ ಬೆನ್ನು ಒತ್ತಿಸಿ, ತೋಳು ಭುಜದ ಮಟ್ಟಕ್ಕೆ, ನಡುಬೆರಳಿಂದ ನಡುಬೆರಳಿಗೆ ಅಳೆದಿದ್ದೀರಾ? ಬೆನ್ನು ಸೊಟ್ಟ ಇದ್ದರೆ ಎತ್ತರ ಕುಗ್ಗಿ ಅನುಪಾತ ಸುಳ್ಳಾಗಿ ಏರುತ್ತದೆ, ಅದನ್ನೂ ಬರೆಯಿರಿ. ಎಕೋ ಆಗಿಲ್ಲ, ಅಂದರೆ ಹನ್ನೆರಡರಲ್ಲಿ ಎರಡು ಕಲಮು ಖಾಲಿ. ಅದರಲ್ಲಿ ಮೈಟ್ರಲ್ ಜಾರಿದ್ದು ಕಂಡರೆ ಐದಾಗುತ್ತದೆ.

ಮೊದಲ ಬಾಗಿಲು ಸರಿ: 34ಕ್ಕೆ 5 ಬೇಕು, ಒಂದು ಕಡಿಮೆ, ಪ್ರಶ್ನೆಗಳಲ್ಲಿ 3, ದಾಟಿತು. ‘ಇ’ ಸಿಕ್ಕಿದೆ. ‘ಆ’ ಇನ್ನೂ ತೂಗುತ್ತಿದೆ. ಅಕ್ಕನನ್ನು ಯಾರಾದರೂ ಇದೇ ಪಟ್ಟಿ ಹಿಡಿದು ನೋಡಿದ್ದಾರಾ?

ಇವತ್ತಿನ ಮಟ್ಟಿಗೆ ಮೈಯೆಲ್ಲ ಸಡಿಲದ ಎಚ್‌ಎಸ್‌ಡಿ. ಎಕೋ ಬಂದ ಮೇಲೆ ಅಥವಾ ಅಕ್ಕ ತನ್ನಷ್ಟಕ್ಕೆ ಮಾನದಂಡ ದಾಟಿದರೆ ಹೆಸರು ಬದಲಾಗಬಹುದು.

ಮಂಡಿಚಿಪ್ಪು

ಹೆಸರು ಬದಲಾದರೂ ನಮ್ಮ ಕಡೆಯ ವ್ಯಾಯಾಮ ಬದಲಾಗುವುದಿಲ್ಲ ಅಂತಲೂ ಆಕೆಗೆ ಹೇಳಿ, ಎಚ್‌ಎಸ್‌ಡಿ ಅಂದರೆ “ಸಣ್ಣದು” ಅಂದುಕೊಂಡು ಕುಗ್ಗುತ್ತಾರೆ. ಮಂಡಿಯನ್ನು ಪೂರ್ತಿ ಹಿಂದಕ್ಕೆ ಬೀಗಿಸಿ ನಿಲ್ಲದೆ, ಕೊನೆಯ ಕೋನಕ್ಕೆ ಸ್ವಲ್ಪ ಮುಂಚೆ ಹಿಡಿದು ನಿಲ್ಲುವುದರಿಂದ ಶುರುಮಾಡಿಸಿ. ಕೀಲು ಎಳೆಯುವ ಸ್ಟ್ರೆಚಿಂಗ್ ಬೇಡ.

ಗೋನಿಯೋ_ಗೆಳೆಯ

ತಿದ್ದಿದೆ. “ಎಚ್‌ಎಸ್‌ಡಿ, ಮೈಯೆಲ್ಲ, ಅನುಪಾತ 1.044, ಎಕೋ ಬಾಕಿ, ಅಕ್ಕನ ತಪಾಸಣೆ ಬಾಕಿ.” ಮೊದಲಿನದಕ್ಕಿಂತ ಒಂದು ಸಾಲು ಉದ್ದ ಆಯಿತು.